ದೇವರ ಮೇಲೆ ಭಾರ ಹಾಕಿದ ಮೇಲೂ ಚಿಂತೆ ಹೋಗದಿದ್ದರೆ ನನ್ನ ನಂಬಿಕೆಯೇ ಸುಳ್ಳಾ?

ಇಲ್ಲ, ಚಿಂತೆ ಆಗುತ್ತಿದೆ ಅಂದ ಮಾತ್ರಕ್ಕೆ ನಂಬಿಕೆ ಸುಳ್ಳಾಗಿಬಿಡುವುದಿಲ್ಲ. ಕೆಲಸ ಉಳಿಯುತ್ತದೋ ಹೋಗುತ್ತದೋ ತಿಳಿಯದೆ ಕಾಯುತ್ತಿದ್ದೀರಿ, ದಿನಾ ಪ್ರಾರ್ಥನೆ ಮಾಡಿದರೂ ರಾತ್ರಿಯಾದರೆ ಎದೆ ಹೊಡೆದುಕೊಳ್ಳುತ್ತದೆ ಅಂತ ಬರೆದಿದ್ದೀರಿ. 'ಎಲ್ಲ ಅವನಿಗೆ ಬಿಟ್ಟುಬಿಡು' ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೇಗೆ ಬಿಡುವುದು ಅಂತ ಕೇಳಿ ನೋಡಿ, ಮಾತು ಬದಲಿಸುತ್ತಾರೆ.

ಈ 'ಹೇಗೆ' ಅನ್ನುವುದರ ಬಗ್ಗೆ ದೊಡ್ಡ ದೊಡ್ಡವರೇ ವಾದ ಮಾಡಿದ್ದಾರೆ. ರಾಮಾನುಜರ ನಂತರ ಶ್ರೀವೈಷ್ಣವರು ವಡಕಲೈ, ತೆಂಕಲೈ ಎಂದು ಎರಡಾದರಲ್ಲ, ಅವರ ಮುಖ್ಯ ಭಿನ್ನಾಭಿಪ್ರಾಯಗಳಲ್ಲಿ ಶರಣಾಗತಿಯೂ ಒಂದು. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು, ಅದು ವಡಕಲೈಯವರ ಮರ್ಕಟ ನ್ಯಾಯ (ನ್ಯಾಯ ಅಂದರೆ ಇಲ್ಲಿ ಹೋಲಿಕೆ). ಬೆಕ್ಕಿನ ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ, ಅದು ತೆಂಕಲೈಯವರ ಮಾರ್ಜಾಲ ನ್ಯಾಯ. ನನ್ನನ್ನು ಕೇಳಿದರೆ ಹಗಲು ಹೊತ್ತು ಕೋತಿಮರಿ, ರಾತ್ರಿ ಬೆಕ್ಕಿನ ಮರಿ. (ಎರಡೂ ಪಂಥದವರು ಕ್ಷಮಿಸಲಿ.)

ಹಗಲಿನದು ಏನು ಅಂತ ನಿಮಗೇ ಗೊತ್ತು. ಬೇರೆ ಕಡೆ ಅರ್ಜಿ ಹಾಕುವುದು, ಪರಿಚಯದವರನ್ನು ವಿಚಾರಿಸುವುದು, ಖರ್ಚು ಹಿಡಿಯುವುದು. ಇದ್ಯಾವುದೂ ಮಾಡದೆ ದೇವರಿದ್ದಾನೆ ಅಂತ ಕೂತರೆ ಅದನ್ನು ನಾನು ಭಕ್ತಿ ಅನ್ನಲಾರೆ. ಗೀತೆಯ 18ನೇ ಅಧ್ಯಾಯದ 66ನೇ ಶ್ಲೋಕದಲ್ಲಿ ಕೃಷ್ಣ 'ನನ್ನೊಬ್ಬನಿಗೇ ಶರಣಾಗು, ದುಃಖಿಸಬೇಡ' ಅಂದ. ಅರ್ಜುನ ಸಮಾಧಾನವಾಯಿತು ಅಂತ ರಥದಲ್ಲಿ ಮಲಗಲಿಲ್ಲ. 73ನೇ ಶ್ಲೋಕದಲ್ಲಿ 'ನೀನು ಹೇಳಿದಂತೆ ಮಾಡುತ್ತೇನೆ' ಅಂದ. ಶರಣಾದ ಮೇಲೂ ಬಿಲ್ಲು ಎತ್ತಬೇಕಾದವನು ಅವನೇ.

ಕಷ್ಟ ಇರುವುದು ರಾತ್ರಿ. ನಮ್ಮ ತಂದೆಯ ಬಯಾಪ್ಸಿ ರಿಪೋರ್ಟಿಗೆ ಕಾಯುತ್ತಿದ್ದಾಗ ಕತ್ತಲಲ್ಲಿ ಮೊಬೈಲ್ ಹಿಡಿದು ಲ್ಯಾಬಿನ ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತಿದ್ದೆ. ಅಷ್ಟು ಹೊತ್ತಿನಲ್ಲಿ ಯಾರೂ ರಿಪೋರ್ಟ್ ಹಾಕುವುದಿಲ್ಲ ಅಂತ ಗೊತ್ತಿತ್ತು, ಬೆರಳು ಕೇಳಬೇಕಲ್ಲ! ಜೊತೆಗೆ ಬಾಯಲ್ಲಿ ಒಂದೇ ಪ್ರಾರ್ಥನೆ: ರಿಪೋರ್ಟ್ ಚೆನ್ನಾಗಿ ಬರಲಿ. ಹೇಳಿದಷ್ಟೂ ಭಯ ಹೆಚ್ಚುತ್ತಿತ್ತು, ಯಾಕೆಂದರೆ ಪ್ರತಿ ಸಲವೂ ಮನಸ್ಸು 'ಬರದಿದ್ದರೆ?' ಅಂತ ಎದುರುತ್ತರ ಕೊಡುತ್ತಿತ್ತು. ಕೊನೆಗೆ ಸಾಕಾಗಿ ಬೇರೆಯದನ್ನೇ ಕೇಳಿದೆ. ಏನೇ ಬರಲಿ, ಡಾಕ್ಟರ ಎದುರು ಕೂತಾಗ ಕೇಳಬೇಕಾದ್ದನ್ನು ಕೇಳುವಷ್ಟು, ಅಪ್ಪನ ಮುಖ ನೋಡಿ ಮಾತಾಡುವಷ್ಟು ಸ್ಥಿಮಿತ ಕೊಡು. ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದೆ, ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟು ಬಂದು ಮಲಗಿದೆ. ರಿಪೋರ್ಟ್ ಚೆನ್ನಾಗಿ ಬರಲಿಲ್ಲ. ಹಾಳೆ ತೆಗೆದು ಒಂದೊಂದೇ ಕೇಳಿದೆ. ದನಿ ನಡುಗುತ್ತಿತ್ತು, ಆದರೂ ಕೇಳಿದೆ.

ನನಗೆ ಬೇಕಾದಂತೆಯೇ ಆಗುತ್ತದೆ ಅನ್ನುವ ಗ್ಯಾರಂಟಿಯನ್ನು ನಂಬಿಕೆ ಅಂದುಕೊಂಡರೆ ಅದು ಮೊದಲ ಪೆಟ್ಟಿಗೇ ಬಿರುಕು ಬಿಡುತ್ತದೆ. ಏನೇ ಬಂದರೂ ಅದರೊಳಗೆ ನಾನು ಒಂಟಿಯಾಗಿರುವುದಿಲ್ಲ, ಇಷ್ಟನ್ನು ಮಾತ್ರ ನಾನು ನಂಬಿಕೊಂಡಿದ್ದೇನೆ. ಅದೂ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ ಬಿಡಿ. ರಾತ್ರಿ ಒಪ್ಪಿಸಿದ್ದನ್ನು ಬೆಳಗಾಗುವುದರೊಳಗೆ ವಾಪಸ್ ಕಿತ್ತುಕೊಂಡಿರುತ್ತೇವೆ, ಮತ್ತೆ ಒಪ್ಪಿಸಬೇಕಾಗುತ್ತದೆ. ನಿಮಗೆ ಆಗುತ್ತಿರುವುದೂ ಇದೇ ಅಂತ ನನ್ನ ಅನಿಸಿಕೆ.

ಹಾಗಂತ ಕೆಲಸ ಉಳಿಸಿಕೊಡು ಅಂತ ಬೇಡಲೇಬಾರದು ಅಂತಲ್ಲ. ಧಾರಾಳವಾಗಿ ಬೇಡಿ. 'ನಾಳೆಯ ವಿಷಯವಾಗಿ ಚಿಂತೆ ಮಾಡಬೇಡಿ' ಅಂತ ಬೋಧಿಸಿದ ಯೇಸುವೇ ಸೆರೆಸಿಕ್ಕುವ ರಾತ್ರಿ ಗೆತ್ಸೇಮನೆ ಎಂಬ ತೋಟದಲ್ಲಿ ಬೋರಲು ಬಿದ್ದು, ಸಾಧ್ಯವಾದರೆ ಈ ಸಂಕಟ ತಪ್ಪಲಿ ಅಂತ ಬೇಡಿಕೊಂಡ. ಆದರೂ ನನ್ನಿಷ್ಟದಂತೆ ಬೇಡ, ನಿನ್ನಿಷ್ಟದಂತಾಗಲಿ ಅಂದ. ಮತ್ತಾಯನ ಸುವಾರ್ತೆಯ ಪ್ರಕಾರ ಮೂರು ಸಲ ಹೀಗೇ ಪ್ರಾರ್ಥಿಸಿದ. ಅವನಿಗೇ ಒಂದು ಸಲಕ್ಕೆ ಸಾಲಲಿಲ್ಲ ಅಂದಮೇಲೆ ನಾವು ನೀವು ಯಾವ ಲೆಕ್ಕ?

ಇನ್ನು ನಿದ್ದೆಯ ವಿಷಯ. ವಾರಗಟ್ಟಲೆ ಸರಿಯಾಗಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಅಂತಾದರೆ ದಯವಿಟ್ಟು ಡಾಕ್ಟರನ್ನು ನೋಡಿ. ಔಷಧಿ ತೆಗೆದುಕೊಂಡರೆ ದೇವರನ್ನು ನಂಬಲಿಲ್ಲ ಅಂತ ಯಾರಾದರೂ ಅಂದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.