ಓದುಗರ ಪ್ರಶ್ನೆ: ಫ್ಲಾರೆನ್ಸಿನ ಗುಮ್ಮಟ, ಮೊಣಕಾಲು ನೋವು, ಉಪ್ಪಿಲ್ಲದ ಬ್ರೆಡ್ಡು

ಪ್ರಶ್ನೆ: ಅಕ್ಟೋಬರದಲ್ಲಿ ನಾವು ಗಂಡ ಹೆಂಡತಿ ಇಟಲಿಯ ಫ್ಲಾರೆನ್ಸಿನಲ್ಲಿ ಶನಿವಾರದಿಂದ ಸೋಮವಾರದವರೆಗೆ ಇರುತ್ತೇವೆ. ಅಲ್ಲಿಯ ದೊಡ್ಡ ಚರ್ಚಿನ ಗುಮ್ಮಟ ಹತ್ತಬೇಕೆಂದು ಯಜಮಾನರ ಆಸೆ. ನನಗೆ ಮೊಣಕಾಲು ನೋವು. ಆದರೂ ವಿಜಾಪುರದ ಗೋಲಗುಮ್ಮಟವನ್ನು ಕೂತು ಕೂತು ಹತ್ತಿದ್ದೇನೆ. ಇದನ್ನೂ ಹತ್ತಬಹುದೇ? ಶುದ್ಧ ಶಾಕಾಹಾರಿಗಳು, ಊಟಕ್ಕೆ ಹೇಗೆ?
– ಓದುಗರೊಬ್ಬರು, ಗದಗ

ಉತ್ತರ: ನೀವು ಹತ್ತುವುದು ಬೇಡ. ಗೋಲಗುಮ್ಮಟದಲ್ಲಿ ಮೂಲೆಯ ಮಿನಾರಿನ ಮೆಟ್ಟಿಲು. ಅಂತಸ್ತಿಗೊಮ್ಮೆ ಕಿಟಕಿಯ ಬಳಿ ನಿಂತು ದಣಿವಾರಿಸಿಕೊಳ್ಳಬಹುದು. ಫ್ಲಾರೆನ್ಸಿನದು ಒಂದರೊಳಗೊಂದು ಕೂತ ಎರಡು ಗುಮ್ಮಟ. ವಾಸ್ತುಶಿಲ್ಪಿ ಬ್ರುನೆಲೆಸ್ಕಿ 1420ರಿಂದ 1436ರವರೆಗೆ ಕಟ್ಟಿಸಿದ್ದು. 463 ಮೆಟ್ಟಿಲು, ಲಿಫ್ಟ್ ಇಲ್ಲ. ಕೊನೆಯ ಭಾಗವನ್ನು ಆ ಎರಡರ ಸಂದಿಯಲ್ಲೇ ಏರಬೇಕು. ಗೋಡೆ ತಲೆಯ ಮೇಲೆ ವಾಲಿಕೊಂಡು ಬರುತ್ತದೆ, ಬೆನ್ನ ಹಿಂದೆ ಜನ ಇರುತ್ತಾರೆ, ನಡುವೆ ಕೂಡುವಂತಿಲ್ಲ.

ಯಜಮಾನರಿಗೆ ಒಂದು ಮಾತು: ಆ ಸಂದಿಯ ಇಟ್ಟಿಗೆ ನೋಡದೆ ಬರಬೇಡಿ. ಅಡ್ಡ ಸಾಲಿನ ನಡುನಡುವೆ ಒಂದೊಂದು ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ್ದಾರೆ, ಮೀನಿನ ಮುಳ್ಳಿನಂಥ ಜೋಡಣೆ. ಗಾರೆ ಹಸಿ ಇರುವಾಗ ಸಾಲು ಒಳಕ್ಕೆ ಜಾರದಂತೆ ಹಿಡಿದದ್ದು ಈ ನಿಂತ ಇಟ್ಟಿಗೆಗಳು. ಅದಕ್ಕೇ ನೆಲದಿಂದ ಮರದ ಆಧಾರ ಕೊಡದೆ ಇಷ್ಟು ದೊಡ್ಡ ಗುಮ್ಮಟ ಎದ್ದಿತು. ಮೇಲಿನಿಂದ ಕಾಣುವ ಊರಿಗಿಂತ ಇದೇ ಹೆಚ್ಚಿನದು.

ಅವರಿಗೆ ಗುಮ್ಮಟವೂ ಸೇರಿದ ಟಿಕೆಟ್ಟಾದ ಬ್ರುನೆಲೆಸ್ಕಿ ಪಾಸ್ ತೆಗೆಯಿರಿ. ಗುಮ್ಮಟದ ದಿನ, ವೇಳೆ ಬುಕ್ ಮಾಡುವಾಗಲೇ ನಿಗದಿಯಾಗುತ್ತದೆ, ಆಮೇಲೆ ಬದಲಾಗದು. ಆದ್ದರಿಂದ ಮೊದಲು ಇದನ್ನು ಗೊತ್ತುಮಾಡಿ, ಉಳಿದದ್ದನ್ನು ಇದರ ಸುತ್ತ ಹೊಂದಿಸಿ. ನಿಮಗೆ ಗುಮ್ಮಟ ಸೇರದ ಗಿಬೆರ್ತಿ ಪಾಸ್ ಸಾಕು. ಅವರು ಹತ್ತುವ ಹೊತ್ತಿಗೆ ನೀವು ಚರ್ಚಿನ ಹಿಂದಿನ ಮ್ಯೂಸಿಯಂನಲ್ಲಿರಿ. ಅಲ್ಲಿ ಲಿಫ್ಟ್ ಇದೆ. ಚರ್ಚಿನೆದುರಿನ ದೀಕ್ಷಾಸ್ನಾನದ ಕಟ್ಟಡಕ್ಕೆ (ಬ್ಯಾಪ್ಟಿಸ್ಟರಿ) ಶಿಲ್ಪಿ ಗಿಬೆರ್ತಿ 1452ರಲ್ಲಿ ಮುಗಿಸಿದ ಚಿನ್ನದ ಲೇಪದ ಬಾಗಿಲುಗಳ ಅಸಲು ಇರುವುದು ಇಲ್ಲೇ. ಹೊರಗೆ ಜನ ಮುಗಿಬಿದ್ದು ಫೋಟೊ ತೆಗೆಯುವುದು ನಕಲಿನ ಮುಂದೆ.

ನಿಮ್ಮ ದಿನಗಳಲ್ಲೊಂದು ತೊಡಕಿದೆ. ಊರಿನ ದೊಡ್ಡ ಕಲಾ ಮ್ಯೂಸಿಯಂಗಳಾದ ಉಫಿಜಿ, ಅಕಾಡೆಮಿಯಾ ಎರಡೂ ಸೋಮವಾರ ಬಂದ್. ರವಿವಾರ ಬೆಳಿಗ್ಗೆ ಪೂಜೆ ಇರುವುದರಿಂದ ದೊಡ್ಡ ಚರ್ಚಿನೊಳಗೆ ಪ್ರವಾಸಿಗಳನ್ನು ಬಿಡುವುದಿಲ್ಲ. ಹಾಗಾಗಿ ಶನಿವಾರ ಉಫಿಜಿ, ರವಿವಾರ ಅಕಾಡೆಮಿಯಾ, ಸೋಮವಾರ ಗುಮ್ಮಟ. ತಿಂಗಳ ಮೊದಲ ರವಿವಾರ ಬಂದರೆ ಮಾತ್ರ ಅಕಾಡೆಮಿಯಾವನ್ನೂ ಶನಿವಾರಕ್ಕೇ ಹಾಕಿ. ಅಂದು ಪ್ರವೇಶ ಪುಕ್ಕಟೆ, ಪಾಳಿ ವಿಪರೀತ. ಮೈಕೆಲ್ಯಾಂಜೆಲೊನ 5.17 ಮೀಟರ್ ಎತ್ತರದ ಡೇವಿಡ್ ಶಿಲ್ಪ 1873ರಿಂದ ಅಕಾಡೆಮಿಯಾದಲ್ಲಿದೆ. ಸಿನ್ಯೋರಿಯಾ ಚೌಕದಲ್ಲಿ ನಿಂತದ್ದು ಪ್ರತಿ.

ಸಂಜೆ ಊರೆಲ್ಲ ಕಾಣುವ ಮೈಕೆಲ್ಯಾಂಜೆಲೊ ದಿಬ್ಬಕ್ಕೆ ನಡೆಯಬೇಡಿ, 12 ಅಥವಾ 13ನೇ ಬಸ್ ಹಿಡಿಯಿರಿ. ಕಾಗದದ ಟಿಕೆಟ್ ಇದ್ದರೆ ಬಸ್ಸಿನೊಳಗಿನ ಮಷೀನಿನಲ್ಲಿ ಒತ್ತಿಸಲೇಬೇಕು. ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟುವವರು ಬಹಳ.

ಊಟಕ್ಕೆ ರಿಬೊಲ್ಲಿತಾ ಕೇಳಿ: ಬ್ರೆಡ್ಡು, ಬಿಳಿ ಕಾಳು, ಸೊಪ್ಪು ಹಾಕಿ ಕುದಿಸಿದ ಗಟ್ಟಿ ಸಾರು. ಕೆಲವು ಕಡೆ ಮಾಂಸದ ರಸ ಬೆರೆಸುತ್ತಾರೆ, "ಸೆಂತ್ಸಾ ಬ್ರೋದೊ ದಿ ಕಾರ್ನೆ?" ಎಂದು ಮೊದಲೇ ಕೇಳಿಕೊಳ್ಳಿ. ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಆಗದಿದ್ದರೆ ಬಿಡಿಸಿ. ಅಲ್ಲಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಶೇಂಗಾ ಚಟ್ನಿಪುಡಿ ಒಯ್ಯಿರಿ. ಪೇಢೆ, ತುಪ್ಪ ಬೇಡ; ಹೊರಗಿನ ಹಾಲಿನ ಪದಾರ್ಥಕ್ಕೆ ಅಲ್ಲಿ ನಿಷೇಧ.

ಪ್ರಶ್ನೆ: ಹೊಸದಾಗಿ ಮದುವೆಯಾಗಿದ್ದೇವೆ. ಫ್ಲಾರೆನ್ಸಿನ ಪೊಂಟೆ ವೆಕ್ಕಿಯೊ ಸೇತುವೆಯಲ್ಲಿ ಪ್ರೀತಿಯ ಗುರುತಿಗೆ ಬೀಗ ಹಾಕಿ, ಅಲ್ಲೇ ಉಂಗುರ ಕೊಳ್ಳಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೀಗ ಹಾಕಬೇಡಿ, ದಂಡ ಬೀಳುತ್ತದೆ. 1345ರ ಸೇತುವೆ ಅದು. 1593ರಲ್ಲಿ ಕಸಾಯಿ ಅಂಗಡಿಗಳನ್ನು ಎಬ್ಬಿಸಿ ಅಕ್ಕಸಾಲಿಗರಿಗೆ ಕೊಟ್ಟರು, ಇಂದಿಗೂ ಅವರದೇ ಅಂಗಡಿ. ಉಂಗುರ ಕೊಳ್ಳಬಹುದು, ಆದರೆ ಒಳಗಿನ ಮುದ್ರೆ ನೋಡಿ. ಹುಬ್ಬಳ್ಳಿಯಲ್ಲಿ ನೀವು ಕೊಳ್ಳುವ 22 ಕ್ಯಾರೆಟ್ಟಿಗೆ 916 ಇದ್ದರೆ, ಅಲ್ಲಿ ಸಾಮಾನ್ಯವಾಗಿ 750, ಅಂದರೆ 18 ಕ್ಯಾರೆಟ್. ತೂಕಕ್ಕೆ ತೂಕ ಹೋಲಿಸಿದರೆ ಮೋಸ ಹೋಗುತ್ತೀರಿ. ತೆರಿಗೆ ವಾಪಸಿನ ಫಾರ್ಮ್ ಅಂಗಡಿಯಲ್ಲೇ ತುಂಬಿಸಿ, ಐರೋಪ್ಯ ಒಕ್ಕೂಟದಿಂದ ಹೊರಡುವ ಕೊನೆಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಮುದ್ರೆ ಹಾಕಿಸಿ. ಉಂಗುರ ತೋರಿಸಲು ಹೇಳಬಹುದು, ಲಗೇಜಿನಲ್ಲಿ ಹಾಕಿ ಕಳಿಸಿಬಿಡಬೇಡಿ.