ಯಾವ ಬಿಯರ್ ಅಂತ ಕೇಳಿದ್ದೀರಲ್ಲ

ಪ್ರಶ್ನೆ: ಇಷ್ಟು ವರ್ಷ ಸ್ಟ್ರಾಂಗ್ ಬಿಯರ್ ಬಿಟ್ಟು ಬೇರೆ ಮುಟ್ಟಿಲ್ಲ. ಮುಂದಿನ ತಿಂಗಳು ಬೆಂಗಳೂರಿನ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಭಾವ ಕ್ರಾಫ್ಟ್ ಬಿಯರ್ ಕುಡಿಸುತ್ತೇನೆ ಬಾ ಅಂದಿದ್ದಾರೆ. ಯಾವುದು ತಗೊಳ್ಳಲಿ? ನಿಮಗೆ ಯಾವುದು ಇಷ್ಟ?
– ಓದುಗ, ತೀರ್ಥಹಳ್ಳಿ

ಉತ್ತರ: ಭಾವನೇ ಬಿಲ್ ಕೊಡುತ್ತಾರೆ ಅಂದಮೇಲೆ ನಿಮಗೇನು ಚಿಂತೆ ಮಾರಾಯ್ರೆ! ಕ್ರಾಫ್ಟ್ ಬಿಯರ್ ಅಂದರೆ ಸಣ್ಣ ಪ್ರಮಾಣದಲ್ಲಿ, ರುಚಿ ನೋಡಿ ಮಾಡೋ ಬಿಯರ್. ಗೋಧಿ ಬಿಯರ್‌ನಿಂದ ಶುರು ಮಾಡಿ. ನನಗೂ ಇವತ್ತಿಗೂ ಅದೇ ಮೊದಲು.

ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬೆಲ್ಜಿಯಂ ಕಡೆಯ ವಿಟ್. ಇದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಕಹಿ ಕಮ್ಮಿ, ಹಗುರ. ಹೂಗಾರ್ಡನ್ ಅನ್ನೋ ಹೆಸರನ್ನು ನೀವು ಬಾಟಲಿ ಮೇಲೆ ನೋಡಿರಬಹುದು, ಅದು ಅಲ್ಲಿನ ಒಂದು ಊರು. ಆ ಊರಲ್ಲಿ ಈ ಬಿಯರ್ ಮಾಡುತ್ತಿದ್ದ ಕೊನೆಯವರು 1957ರಲ್ಲಿ ಬಾಗಿಲು ಹಾಕಿದ್ದರು. ಹಾಲು ಹಾಕುತ್ತಿದ್ದ ಪಿಯರ್ ಸೆಲಿಸ್ ಅನ್ನೋರು 1960ರ ದಶಕದಲ್ಲಿ ಮತ್ತೆ ಶುರು ಮಾಡಿದರು, ಅದು ಈಗ ಪ್ರಪಂಚ ಎಲ್ಲ ಸುತ್ತಿದೆ.

ಇನ್ನೊಂದು ಜರ್ಮನಿಯ ಬವೇರಿಯಾದ ಹೆಫೆವೈಝೆನ್. ಲೋಟ ಬಂದ ಕೂಡಲೇ ಕುಡಿಯಬೇಡಿ, ಮೊದಲು ಮೂಗಿನ ಹತ್ತಿರ ಹಿಡಿಯಿರಿ. ಅಟ್ಟದಲ್ಲಿ ಪುಟ್ಟಬಾಳೆ ಗೊನೆ ಹಣ್ಣಾದ ಹಾಗೆ ವಾಸನೆ ಬರುತ್ತದೆ, ಹಿಂದೆಯೇ ಸ್ವಲ್ಪ ಲವಂಗ. ಬಾಳೆಹಣ್ಣೂ ಹಾಕಿರುವುದಿಲ್ಲ, ಲವಂಗವೂ ಇಲ್ಲ. ಎಲ್ಲ ಯೀಸ್ಟ್‌ನ ಕೆಲಸ. ಬಾಟಲಿಯಲ್ಲಿ ಸಿಕ್ಕಿದರೆ ಲೋಟ ಓರೆ ಮಾಡಿ ನಿಧಾನಕ್ಕೆ ಸುರಿಯಿರಿ, ತಳದಲ್ಲಿ ಎರಡು ಬೆರಳಷ್ಟು ಉಳಿಸಿ, ಬಾಟಲಿಯನ್ನು ಒಂದು ಸುತ್ತು ಕುಲುಕಿ ಅದನ್ನೂ ಹಾಕಿಕೊಳ್ಳಿ. ಯೀಸ್ಟ್ ಕೂತಿರೋದು ಅಲ್ಲೇ. ಬಿಯರ್ ಮಬ್ಬಾಗುತ್ತದೆ, ಅದು ಹಾಗೇ ಇರಬೇಕು.

ಬೆಂಗಳೂರಲ್ಲಿ ಇಂದಿರಾನಗರದ ಟಾಯ್ಟ್ ಅನ್ನೋ ಪಬ್ 2010ರಿಂದ ಇದೆ, ಬಿಯರ್ ಅಲ್ಲೇ ಮಾಡುತ್ತಾರೆ. ಅಲ್ಲಿ ಟಿನ್‌ಟಿನ್ ಅನ್ನೋದು ಬೆಲ್ಜಿಯಂ ಬಗೆ, ವೈಸ್ ಅನ್ನೋದು ಜರ್ಮನಿ ಬಗೆ. ನಾನಾದರೆ ಟಿನ್‌ಟಿನ್ ತಗೊಳ್ಳುತ್ತೇನೆ. ಅಕ್ಕಿ ಹಾಕಿ ಮಾಡಿದ ಬಾಸ್ಮತಿ ಬ್ಲಾಂಡ್ ಕೂಡ ಇದೆ, ಸ್ಟ್ರಾಂಗ್ ಕುಡಿದು ರೂಢಿ ಇರೋರಿಗೆ ಮೊದಲ ದಿನ ಸಪ್ಪೆ ಅನ್ನಿಸಬಹುದು. ಇಂಥ ಜಾಗಗಳಲ್ಲಿ ಸಾಮಾನ್ಯವಾಗಿ ಸಣ್ಣ ಸಣ್ಣ ಲೋಟಗಳಲ್ಲಿ ನಾಲ್ಕೈದು ಬಗೆ ರುಚಿ ನೋಡಲು ಕೊಡುತ್ತಾರೆ. ಸ್ಯಾಂಪ್ಲರ್ ಅಂತ ಕೇಳಿ, ನಾಚಿಕೆ ಬೇಡ. ಒಂದೇ ಮಾತು, ಕಿಕ್ ಎಷ್ಟು ಅಂತ ಮಾತ್ರ ಕೇಳಬೇಡಿ. ಅದಕ್ಕೆ ನಿಮ್ಮೂರಿನ ಬಾರೇ ಸಾಕಲ್ವಾ?

ಪ್ರಶ್ನೆ: ನಾವು ಕಾಫಿ ತೋಟದವರು. ಕಾಫಿ ಬಿಯರ್ ಅಂತ ಇದೆಯಂತೆ, ನಿಜಾನಾ?
– ಓದುಗರು, ಕೊಪ್ಪ

ಉತ್ತರ: ನಿಜ. ಸ್ಟೌಟ್ ಅನ್ನೋ ಕಪ್ಪು ಬಿಯರ್‌ಗೆ ಬಾರ್ಲಿಯನ್ನು ಚೆನ್ನಾಗಿ ಹುರಿದು ಹಾಕುತ್ತಾರೆ, ಹಾಗಾಗಿ ಕಾಫಿ ಹಾಕದಿದ್ದರೂ ಕಾಫಿಯ ಕಹಿ ಬಂದಿರುತ್ತದೆ. ಕೆಲವರು ಅದಕ್ಕೇ ನಿಜವಾದ ಕಾಫಿಯನ್ನೂ ಸೇರಿಸುತ್ತಾರೆ. ಗೋಧಿ ಬಿಯರ್ ಬಿಟ್ಟರೆ ನನಗೆ ಇದೇ ಇಷ್ಟ, ಅದರಲ್ಲೂ ಜಡಿಮಳೆ ಹಿಡಿದ ಸಂಜೆ. ಬಣ್ಣ ನೋಡಿ ಹೆದರಬೇಡಿ. ಡಬ್ಲಿನ್‌ನಲ್ಲಿ 1759ರಲ್ಲಿ ಶುರುವಾದ ಗಿನ್ನೆಸ್ ಕಂಪನಿಯ ಡ್ರಾಫ್ಟ್ ಸ್ಟೌಟ್‌ನಲ್ಲಿ ಆಲ್ಕೋಹಾಲ್ ಶೇ 4.2ರ ಆಸುಪಾಸು, ಅಂದರೆ ನಮ್ಮ ಮೈಲ್ಡ್ ಬಿಯರ್‌ಗಿಂತಲೂ ಸ್ವಲ್ಪ ಕಮ್ಮಿ. ಐಸ್‌ನಂತೆ ತಣ್ಣಗೆ ಕುಡಿದರೆ ರುಚಿಯೇ ಗೊತ್ತಾಗುವುದಿಲ್ಲ. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ.

ಪ್ರಶ್ನೆ: ಬಿಯರ್ ಕುಡಿದರೆ ಎಷ್ಟು ಹೊತ್ತಿಗೆ ಆಗುಂಬೆ ಘಾಟಿ ಇಳಿಸಬಹುದು?
– ಹೆಸರು ಬೇಡ ಎಂದವರು

ಉತ್ತರ: ಮಾರನೇ ದಿನ.

ಪ್ರಶ್ನೆ: ಮುರುಗಲು ಹಣ್ಣಿನ ಬಿಯರ್ ಮಾಡುತ್ತಾರೆ ಅಂತ ಮಗ ಹೇಳಿದ. ಸುಮ್ನೆ ರೈಲು ಬಿಡುತ್ತಿದ್ದಾನಾ?
– ಓದುಗರು, ಸಾಗರ

ಉತ್ತರ: ಇಲ್ಲ, ಮಗ ಸರಿಯಾಗಿಯೇ ಹೇಳಿದ್ದಾನೆ. ಪುಣೆಯಲ್ಲಿ ಬಿಯರ್ ಮಾಡೋ ಗ್ರೇಟ್ ಸ್ಟೇಟ್ ಏಲ್‌ವರ್ಕ್ಸ್‌ನವರದು ಸಾಲ್ಟೆಡ್ ಕೋಕಮ್ ಅಂತ ಇದೆ, ಕೋಕಮ್ ಅಂದರೆ ನಮ್ಮ ಮುರುಗಲೇ. ಜರ್ಮನಿಯಲ್ಲಿ ಗೋಸೆ ಅನ್ನೋ ಹಳೇ ಬಗೆಯ ಬಿಯರ್‌ಗೆ ಉಪ್ಪು, ಕೊತ್ತಂಬರಿ ಬೀಜ ಹಾಕುತ್ತಾರೆ, ಅದು ಹುಳಿಯಾಗೋದು ಮೊಸರು ಮಾಡುವ ಜಾತಿಯ ಬ್ಯಾಕ್ಟೀರಿಯಾದಿಂದ. ಉಪ್ಪು, ಹುಳಿ ಎರಡೂ ಇದ್ದ ಕಡೆ ಮುರುಗಲು ಸೇರದೆ ಇರುತ್ತದಾ? ನಮ್ಮ ಕಡೆ ಸಿಪ್ಪೆ ಒಣಗಿಸಿ ಡಬ್ಬಿಯಲ್ಲಿ ತುಂಬಿಡುತ್ತೇವೆ, ಶರಬತ್ತು, ಸಾರು ಬಿಟ್ಟು ಮುಂದೆ ಹೋಗಿಲ್ಲ. ಪುಣೆ ಕಡೆ ಹೋದರೆ ಮಗನ ಜೊತೆ ಕೂತು ಒಂದು ಲೋಟ ಕುಡಿಯಿರಿ. ಮಗನಿಗೆ 21 ತುಂಬಿದೆ ತಾನೇ? ಅಲ್ಲಿನ ವಯಸ್ಸಿನ ನಿಯಮವನ್ನೂ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಶಿವಮೊಗ್ಗದ ಒಂದು ಅಂಗಡಿಯಲ್ಲಿ ದುಬಾರಿ ಫಾರಿನ್ ಬಿಯರ್ ತಂದೆ. ಮುಚ್ಚಳ ತೆಗೆದರೆ ಕೆಟ್ಟ ವಾಸನೆ. ನಕಲಿ ಮಾಲಾ?
– ಓದುಗ, ಭದ್ರಾವತಿ

ಉತ್ತರ: ಹಸಿರು ಬಾಟಲಿಯಾ? ಹಾಗಿದ್ದರೆ ನಕಲಿಯೇ ಆಗಬೇಕಿಲ್ಲ, ಬೆಳಕು ಬಿದ್ದು ಕೆಟ್ಟಿರಬಹುದು. ಬಿಯರ್‌ಗೆ ಕಹಿ ಕೊಡೋ ಹಾಪ್ಸ್‌ಗೂ ಬೆಳಕಿಗೂ ಆಗುವುದಿಲ್ಲ. ಕಂದು ಬಾಟಲಿ ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಹಸಿರು, ಬಿಳಿ ಬಾಟಲಿ ಅಷ್ಟಾಗಿ ತಡೆಯುವುದಿಲ್ಲ. ಚಂದ ಕಾಣಲಿ ಅಂತ ಅಂಗಡಿಯವರು ಅದನ್ನೇ ಮುಂದಿನ ಸಾಲಲ್ಲಿ ಲೈಟ್ ಕೆಳಗೆ ಇಟ್ಟಿರುತ್ತಾರೆ. ಟಿನ್ ಇದ್ದರೆ ಟಿನ್ನೇ ತಗೊಳ್ಳಿ, ತಯಾರಾದ ತಾರೀಕು ನೋಡಿ. ಗೋಧಿ ಬಿಯರ್, ಐಪಿಎ (ಇಂಡಿಯಾ ಪೇಲ್ ಏಲ್ ಅನ್ನೋ ಕಹಿ ಬಿಯರ್) ಎರಡೂ ಹೊಸದಿದ್ದಷ್ಟೂ ಒಳ್ಳೇದು.

ಪ್ರಶ್ನೆ: ಐಪಿಎ ಜೊತೆ ನೆಂಚಿಕೊಳ್ಳಲು ಏನು ಒಳ್ಳೇದು? ಮನೆಯಲ್ಲಿ ಅಪ್ಪೆಮಿಡಿ ಇದೆ.
– ಓದುಗ, ಹೊಸನಗರ

ಉತ್ತರ: ಅಪ್ಪೆಮಿಡಿಯನ್ನು ಮೊಸರನ್ನಕ್ಕೆ ಇಟ್ಟುಕೊಳ್ಳಿ. ಐಪಿಎಗೆ ಹಾಪ್ಸ್ ಜಾಸ್ತಿ, ಕಹಿ ಜಾಸ್ತಿ, ಅದರ ಮೇಲೆ ಉಪ್ಪಿನಕಾಯಿ ಖಾರ ಬಿದ್ದರೆ ಬಾಯಿ ಉರಿ ಇನ್ನೂ ಏರುತ್ತದೆ. ಹಲಸಿನಕಾಯಿ ಚಿಪ್ಸ್ ಇದ್ದರೆ ತೆಗೆಯಿರಿ, ಖಾರ ಹಾಕದ್ದು.