ಹುಲ್ಲು ಕೊಯ್ಯುವ ಮಿಷನ್ನಿಗೆ ರೆಕ್ಕೆ ಕಟ್ಟಿದವರು

ಮೆಲ್ಬರ್ನ್‌ನಿಂದ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಊರು ದಾವಣಗೆರೆ ಕಡೆ, ಕೆಲಸ ಸಾಫ್ಟ್‌ವೇರ್, ಹುಚ್ಚು ವಿಮಾನದ್ದು. ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ ಕಲಿಯುತ್ತಿದ್ದಾರೆ. ಅವರು ಬರೆದದ್ದು ಇಷ್ಟು:

"ಕಳೆದ ಸಂಚಿಕೆಯಲ್ಲಿ ಆಸ್ಟ್ರೇಲಿಯಾದ ಅಲ್ಟ್ರಾಲೈಟ್, ಅಂದರೆ ಒಬ್ಬಿಬ್ಬರಷ್ಟೇ ಕೂರುವ ತೀರಾ ಹಗುರ ವಿಮಾನದವರನ್ನು ಹಾಡಿ ಹೊಗಳಿದ್ದೀರಿ. ದೂರದಿಂದ ನೋಡುವವರಿಗೆ ಅದು ಚೆಂದ. ನಾನು ಸೆಸ್ನಾ ಅನ್ನುವ ಸಣ್ಣ ವಿಮಾನದಲ್ಲಿ ಒಂದು ಹಳ್ಳಿ ಏರ್‌ಫೀಲ್ಡ್‌ಗೆ ಇಳಿಯಲು ಹೋದಾಗ ಮುಂದೆ ಒಂದು ಅಲ್ಟ್ರಾಲೈಟ್ ಎತ್ತಿನ ಗಾಡಿ ಹಾಗೆ ಹೋಗುತ್ತಿತ್ತು. ಎರಡು ಸಲ ಇಳಿಯಲಾಗದೆ ಮತ್ತೆ ಮೇಲೇರಿದೆ. ನಿಮಿಷ ನಿಮಿಷಕ್ಕೂ ದುಡ್ಡು ಕೊಡುವವನು ನಾನು. ಮೆಡಿಕಲ್ಲು, ಪರೀಕ್ಷೆ, ಲೈಸೆನ್ಸು ಎಲ್ಲ ನಮಗೆ. ಅವರು ಶೆಡ್ಡಿನಲ್ಲಿ ಹುಲ್ಲು ಕೊಯ್ಯುವ ಮಿಷನ್ನಿಗೆ ರೆಕ್ಕೆ ಕಟ್ಟಿಕೊಂಡು ನಮ್ಮ ಆಕಾಶಕ್ಕೆ ಬರುತ್ತಾರೆ. ಇದನ್ನೂ ಬರೆಯಿರಿ. ಇನ್ನೊಂದು ವಿಷಯ. ಖರ್ಚು ಕಡಿಮೆ ಅಂತ ನನ್ನ ಗೆಳೆಯ ಅಲ್ಟ್ರಾಲೈಟ್‌ನಲ್ಲೇ ಕಲಿಯಲು ಹೊರಟಿದ್ದಾನೆ. ಬುದ್ಧಿ ಹೇಳಲೋ ಬೇಡವೋ?"

ಮಿತ್ರರೇ, ಕಾಗದ ಚೆನ್ನಾಗಿದೆ. ನಿಮ್ಮ ಕನ್ನಡ ಇನ್ನೂ ಮಾಸಿಲ್ಲ, ಸಂತೋಷ. ಆದರೆ "ನಮ್ಮ ಆಕಾಶ" ಅಂದಿರಲ್ಲ, ಅಲ್ಲಿಗೆ ನನ್ನ ಕಾಫಿ ಆರಿತು.

ಮೊದಲು ನಿಮ್ಮ ಪಾಲಿನ ನ್ಯಾಯ ಒಪ್ಪಿಸಿಬಿಡುತ್ತೇನೆ. ನಿಧಾನದ ವಿಮಾನದ ಹಿಂದೆ ವೇಗದ ವಿಮಾನ ಸಿಕ್ಕಿಕೊಂಡರೆ ಕಿರಿಕಿರಿ ಹೌದು, ಅಪಾಯವೂ ಹೌದು. ಅದಕ್ಕೇ ಅಲ್ಲಿ ಏರ್‌ಫೀಲ್ಡ್ ಸುತ್ತುವಾಗ ನಿಧಾನದವರು ಸುಮಾರು 500 ಅಡಿಯಲ್ಲಿ, ನಿಮ್ಮಂಥವರು 1000 ಅಡಿಯಲ್ಲಿ ಇರಬೇಕು ಅಂತ ಮಾಡಿದ್ದಾರೆ. ಕೊನೆಗೆ ಇಬ್ಬರೂ ಅದೇ ರನ್‌ವೇಗೆ ಇಳಿಯಬೇಕಲ್ಲ, ತಕರಾರು ಅಲ್ಲಿ. 2011ರ ಅಕ್ಟೋಬರ್ 1ರಂದು ನ್ಯೂ ಸೌತ್ ವೇಲ್ಸ್‌ನ ಓಲ್ಡ್ ಬಾರ್‌ನಲ್ಲಿ ಜಾತ್ರೆ ನಡೆಯುತ್ತಿದ್ದಾಗ ಅಲ್ಟ್ರಾಲೈಟ್ ಜಾತಿಯ ಒಂದು ಪುಟ್ಟ ವಿಮಾನ ತಿರುಗುವ ತೊಟ್ಟಿಲಿಗೇ ಹೋಗಿ ಸಿಕ್ಕಿಕೊಂಡಿತು. ತೊಟ್ಟಿಲಲ್ಲಿ ಇಬ್ಬರು ಮಕ್ಕಳು, ವಿಮಾನದಲ್ಲಿ ಇಬ್ಬರು. ಗಂಟೆಗಟ್ಟಲೆ ಮೇಲೇ ನೇತಾಡಿ ನಾಲ್ವರೂ ಬದುಕಿದರು. ಆ ಫೋಟೋ ನೋಡಿದವರಿಗೆ ನಾನು ಏನು ಹೇಳಿದರೂ ತಲೆಗೆ ಹತ್ತುವುದಿಲ್ಲ, ಗೊತ್ತು. (ರನ್‌ವೇ ಪಕ್ಕ ತೊಟ್ಟಿಲು ನಿಲ್ಲಿಸಿದ ಪುಣ್ಯಾತ್ಮರು ಯಾರು ಅಂತ ಮಾತ್ರ ಯಾರೂ ಮೊದಲು ಕೇಳುವುದಿಲ್ಲ.)

ನ್ಯಾಯ ಆಯಿತು. ಈಗ ನನ್ನ ಮಾತು.

ನೀವು ಬೈದ ಈ ಜನ ಎಲ್ಲಿಂದ ಬಂದರು ನೋಡಿ. 1970ರ ದಶಕದಲ್ಲಿ ರಾನ್ ವ್ಹೀಲರ್ ಅನ್ನುವವರು ಸ್ಕೌಟ್ ಅನ್ನುವ ವಿಮಾನ ಮಾಡಿ ಮಾರಿದರು. ಅವರ ಮೂಲ ಕಸುಬು ಹಾಯಿದೋಣಿಯದು. ದೋಣಿಯ ಅಲ್ಯುಮಿನಿಯಂ ಕಂಬವೇ ರೆಕ್ಕೆಯ ಬೆನ್ನೆಲುಬು, ಹಾಯಿಯ ಬಟ್ಟೆಯೇ ರೆಕ್ಕೆ. ಜೊತೆಗೆ ಒಂದು ಪುಟ್ಟ ಎಂಜಿನ್ನು. ಸರ್ಕಾರಕ್ಕೆ ಇದನ್ನು ಏನು ಮಾಡಬೇಕೋ ತಿಳಿಯಲಿಲ್ಲ. ವಿಮಾನ ಅಂದರೆ ಲೈಸೆನ್ಸ್ ಕೊಡಬೇಕು, ಅಲ್ಲ ಅಂದರೆ ಕಣ್ಣೆದುರೇ ಹಾರುತ್ತಿದೆ. 1976ರಲ್ಲಿ 95.10 ಅನ್ನುವ ಆದೇಶ ಬಂತು. ಲೈಸೆನ್ಸ್ ಬೇಡ, ಹಾರಿಕೊಳ್ಳಿ. ಆದರೆ 300 ಅಡಿಗಿಂತ ಮೇಲೆ ಹೋಗಬೇಡಿ, ಡಾಂಬರು ರಸ್ತೆ ದಾಟಬೇಡಿ.

ಇದನ್ನು ಇನ್ನೊಂದು ಸಲ ಓದಿ ಮಾರಾಯ್ರೇ. ಡಾಂಬರು ರಸ್ತೆ ದಾಟಬೇಡಿ! ಹೊಲದ ಮೇಲೆ ಹಾರುತ್ತಾ ಬಂದವನು ರಸ್ತೆ ಕಂಡ ಕೂಡಲೇ ದನದ ಹಾಗೆ ಹಿಂದೆ ತಿರುಗಬೇಕು. ಇನ್ನು 300 ಅಡಿಯ ಕಥೆ. ನೀವು ಕಲಿಯುತ್ತಿರುವವರು, ನಿಮಗೇ ಗೊತ್ತು. ಎಂಜಿನ್ ನಿಂತರೆ ಎತ್ತರವೇ ಉಸಿರು. 300 ಅಡಿಯಲ್ಲಿ ನಿಂತರೆ ನೆಲ ಸಿಗಲು ಹೆಚ್ಚೆಂದರೆ ಅರ್ಧ ನಿಮಿಷ. ಅಷ್ಟರಲ್ಲಿ ಮರ, ಬೇಲಿ, ಕರೆಂಟ್ ತಂತಿ ಎಲ್ಲ ತಪ್ಪಿಸಬೇಕು. ಕಲಿಸಲು ಎರಡು ಸೀಟಿನ ವಿಮಾನವೂ ಆಗ ಇರಲಿಲ್ಲ. ತಮಗೆ ತಾವೇ ಕಲಿತರು, ಕೆಲವರು ಕಲಿಯುವಾಗಲೇ ಸತ್ತರು. ಆಮೇಲೆ ಲೋಕ ಏನೆಂದಿತು? "ನೋಡಿ, ಇವರು ಹುಚ್ಚರು, ಸಾಯುತ್ತಾರೆ." ಬಾವಿಯ ಕಟ್ಟೆ ಕಟ್ಟದೆ ಬಿಟ್ಟು, ಬಿದ್ದವನ ಕಣ್ಣು ಸರಿಯಿಲ್ಲ ಅಂದ ಹಾಗೆ.

ಆ ಜನರೇ 1983ರಲ್ಲಿ ಕೂಡಿಕೊಂಡು ಆಸ್ಟ್ರೇಲಿಯನ್ ಅಲ್ಟ್ರಾಲೈಟ್ ಫೆಡರೇಶನ್ ಕಟ್ಟಿದರು. ಶಿಕ್ಷಕರು, ಎರಡು ಸೀಟು, ಪರೀಕ್ಷೆ, ತಮ್ಮದೇ ನೋಂದಣಿ ಒಂದೊಂದಾಗಿ ಬಂದವು. ನಿಮ್ಮ ವಿಮಾನದ ಮೈಮೇಲೆ ಸರ್ಕಾರಿ ನೋಂದಣಿಯ ವಿಎಚ್ ಅಂತ ಇರುತ್ತದೆ. ಅವರದರಲ್ಲಿ 10, 19, 24 ಅಂತ ಶುರುವಾಗುವ ನಂಬರು. ಏರ್‌ಫೀಲ್ಡಿನ ಟೀ ಅಂಗಳದಲ್ಲಿ ಈ ಎರಡು ಅಕ್ಷರ ನಮ್ಮಲ್ಲಿ ಮಡಿ ಉಟ್ಟುಕೊಂಡವರು ಸರಿದು ಕೂರುವ ಹಾಗೆ ಕೆಲಸ ಮಾಡುತ್ತವೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾಲ್ಕೈದು ವರ್ಷದ ಹಿಂದೆ ಮಗಳ ಮನೆಗೆ ಹೋದಾಗ ವಿಕ್ಟೋರಿಯಾದ ಒಂದು ಹಳ್ಳಿ ಏರ್‌ಫೀಲ್ಡ್ ನೋಡಿದೆ. ಮುಂದಿನ ಸಾಲಿನ ಹ್ಯಾಂಗರುಗಳಲ್ಲಿ ಸೆಸ್ನಾ, ಪೈಪರ್. ಹಿಂದೆ ತಗಡಿನ ಶೆಡ್ಡಿನಲ್ಲಿ ಡ್ರಿಫ್ಟರ್ ಅನ್ನುವ ಎರಡು ಸೀಟಿನ ಒಂದು ಅಲ್ಟ್ರಾಲೈಟ್. ಯಜಮಾನರಿಗೆ ಎಪ್ಪತ್ತು ದಾಟಿದೆ, ಹಸು ಸಾಕಿ ಹಾಲು ಮಾರಿ ನಿವೃತ್ತಿ. ನನ್ನನ್ನು ಕೂರಿಸುವ ಮೊದಲು ವಿಮಾನದ ಸುತ್ತ ಒಂದು ಸುತ್ತು ಬಂದರು. ಬರೀ ನೋಡುತ್ತಾ ಅಲ್ಲ, ಮುಟ್ಟುತ್ತಾ. ಒಂದೊಂದು ಸ್ಟೀಲ್ ತಂತಿಯನ್ನೂ ತಂಬೂರಿ ಶ್ರುತಿ ಮಾಡುವವರ ಹಾಗೆ ಎಳೆದು ಬಿಟ್ಟರು. ಒಂದೊಂದು ಬೋಲ್ಟಿನ ತುದಿಯ ಪಿನ್ನನ್ನೂ ಹೆಬ್ಬೆರಳಿನಿಂದ ಒತ್ತಿ ಬಾಯಲ್ಲಿ ಎಣಿಸಿದರು. ನಡುವೆ ನಾನು ಏನೋ ಕೇಳಿದೆ. ಉತ್ತರ ಕೊಡಲಿಲ್ಲ, ಮೊದಲಿಂದ ಎಣಿಸಲು ಶುರು ಮಾಡಿದರು. ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲ್ ಗಾಜಿನ ಜಾಡಿಗೆ ಬಸಿದು, ಬಿಸಿಲಿಗೆ ಹಿಡಿದು, ನೀರು ಸೇರಿದೆಯಾ ನೋಡಿದರು.

ಮುಂದಿನ ಸೀಟಿನಲ್ಲಿ ನಾನು. ಮುಂದೆ ಗಾಜಿಲ್ಲ, ಬಾಗಿಲಿಲ್ಲ, ಮೊಣಕಾಲಿನ ಆಚೆ ಏನೂ ಇಲ್ಲ. ಮೂಗಿನ ತುದಿಯಲ್ಲಿ ಗೇಣುದ್ದದ ಕೆಂಪು ಉಲನ್ ದಾರ ಕಟ್ಟಿತ್ತು. ವಿಮಾನ ಅಡ್ಡಡ್ಡ ಜಾರಿದರೆ ಅದು ಪಕ್ಕಕ್ಕೆ ವಾಲುತ್ತದೆ, ಸರಿಯಾಗಿದ್ದರೆ ನೇರ ನಿಮ್ಮ ಕಡೆ. ದುಬಾರಿ ಮೀಟರ್ ಮಾಡುವ ಕೆಲಸವನ್ನು ಹೆಂಡತಿಯ ಹೆಣಿಗೆ ಬುಟ್ಟಿಯ ದಾರ ಮಾಡುತ್ತಿತ್ತು! ಎಂಜಿನ್ ಹಿಡಿದಾಗ ಬಂದ ಹೊಗೆಯ ವಾಸನೆ ನನ್ನನ್ನು ಸೀದಾ 1985ಕ್ಕೆ ಕರೆದುಕೊಂಡು ಹೋಯಿತು. ಪೆಟ್ರೋಲ್ ಬಂಕಿನಲ್ಲಿ ಸ್ಕೂಟರಿಗೆ ಆಯಿಲ್ ಬೆರೆಸಿ ಹಾಕಿಸುತ್ತಿದ್ದೆವಲ್ಲ, ಅದೇ ಟೂ-ಸ್ಟ್ರೋಕ್ ವಾಸನೆ.

ಇಳಿದ ಮೇಲೆ ಎಲ್ಲರೂ ಟೀಗೆ ಕೂತೆವು. ಮುಂದಿನ ಸಾಲಿನ ಒಬ್ಬರು ನಗುತ್ತಾ ನನ್ನನ್ನು ಕೇಳಿದರು, "ಬದುಕಿ ಬಂದ್ರಾ?" ತಮಾಷೆಯೇ. ಆದರೆ ಯಜಮಾನರು ನಗಲಿಲ್ಲ. ಕಪ್ ತೊಳೆದಿಟ್ಟು ಶೆಡ್ಡಿಗೆ ಹೋದರು.

ಸ್ಕೂಟರ್ ಅಂದೆನಲ್ಲ, ಅದರದ್ದೂ ಒಂದು ಕಥೆ ಇದೆ. ಒಮ್ಮೆ ನನ್ನ ಗಾಡಿ ದಾರಿ ಮಧ್ಯೆ ಆಫ್ ಆಗುತ್ತಿತ್ತು. ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ಮೂರು ಸಲ ಬಿಟ್ಟೆ. ಮೂರು ಸಲವೂ ಚೆಂದದ ಬಿಲ್ಲು, ಮೂರು ಸಲವೂ ಗಾಡಿ ಹಾಗೇ. ಕೊನೆಗೆ ನಮ್ಮ ಬೀದಿಯ ಮರದ ಕೆಳಗಿನ ಮೆಕ್ಯಾನಿಕ್, ಎಂಟನೇ ಕ್ಲಾಸೂ ದಾಟದ ಹುಡುಗ, ಕಿವಿ ಕೊಟ್ಟು ಕೇಳಿ, ಕಾರ್ಬುರೇಟರ್ ಬಿಚ್ಚಿ, ಜೆಟ್ಟಿಗೆ ಬಾಯಲ್ಲಿ ಊದಿ ಕೈಗೆ ಕೊಟ್ಟ. ಸಾಯಂಕಾಲ ಆ ಸೆಂಟರಿನಿಂದ ಫೋನ್ ಬಂತು, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ ಅಂತ. ಸರ್ಟಿಫಿಕೇಟ್ ಬೇಡ ಅಂತ ನಾನು ಹೇಳುವುದಿಲ್ಲ. ಅದು ಕಿವಿಗೆ ಬದಲಿ ಅಲ್ಲ ಅಂತ ಹೇಳುತ್ತಿದ್ದೇನೆ.

ಆಸ್ಟ್ರೇಲಿಯಾದ ಆಕಾಶಕ್ಕೆ ಬುನಾದಿ ಹಾಕಿದವರು ಯಾರು ಅಂತೀರಿ? 1894ರ ನವೆಂಬರ್ 12ರಂದು ಲಾರೆನ್ಸ್ ಹಾರ್ಗ್ರೇವ್ ಸ್ಟಾನ್‌ವೆಲ್ ಪಾರ್ಕಿನ ಸಮುದ್ರ ತೀರದಲ್ಲಿ ತಾವೇ ಮಾಡಿದ ನಾಲ್ಕು ಪೆಟ್ಟಿಗೆ ಗಾಳಿಪಟಗಳಿಗೆ ಜೋತುಬಿದ್ದು 16 ಅಡಿ ಮೇಲೇರಿದರು. ಒಂದಕ್ಕೂ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಬೇಕಾದವರು ನೋಡಿ ಕಲಿಯಲಿ ಅಂತ ಬಿಟ್ಟರು. 1963ರಲ್ಲಿ ಗ್ರಾಫ್ಟನ್ ಊರಿನ ಜಾನ್ ಡಿಕೆನ್ಸನ್ ನೀರಾಟದ ಪ್ರದರ್ಶನಕ್ಕೆ ಅಂತ ಒಂದು ರೆಕ್ಕೆ ಕಟ್ಟಿದರು. ಬಟ್ಟೆಗೆ ಬದಲು ಏನು ಬಳಸಿದರು ಗೊತ್ತಾ? ಬಾಳೆಗೊನೆಗೆ ಮುಸುಕು ಹಾಕುವ ಪ್ಲಾಸ್ಟಿಕ್! ಇವತ್ತು ಲೋಕವೆಲ್ಲ ಹಾರಿಸುವ ಹ್ಯಾಂಗ್ ಗ್ಲೈಡರ್, ಅಂದರೆ ಜೋತುಬಿದ್ದು ಹಾರುವ ರೆಕ್ಕೆ, ಆ ಬಾಳೆಗೊನೆಯ ಮೊಮ್ಮಗು. ಸುಮಾರು ಐವತ್ತು ವರ್ಷದ ಮೇಲೆ ಅವರಿಗೆ ಅಂತಾರಾಷ್ಟ್ರೀಯ ಚಿನ್ನದ ಪದಕ ಬಂತು. ನಮ್ಮ ಅಡಿಕೆ, ಬಾಳೆ ತೋಟದ ಓದುಗರು ಇದನ್ನು ಗಮನಿಸಬೇಕು.

ಜಬಿರು ನೋಡಿ. 1988ರಲ್ಲಿ ಕ್ವೀನ್ಸ್‌ಲ್ಯಾಂಡಿನ ಬುಂಡಾಬರ್ಗ್‌ನಲ್ಲಿ ಶುರುವಾದ ಪುಟ್ಟ ವಿಮಾನದ ಕಂಪನಿ. ಎಂಜಿನ್ ಇಟಲಿಯಿಂದ ತರಿಸುತ್ತಿದ್ದರು. ಇಟಲಿಯವರು ಮಾಡುವುದನ್ನೇ ನಿಲ್ಲಿಸಿದರು. ಬೇರೆಯವರಾಗಿದ್ದರೆ ಬಾಗಿಲು ಹಾಕುತ್ತಿದ್ದರು, ಇವರು ಎಂಜಿನ್ನನ್ನೂ ತಾವೇ ಮಾಡಿದರು. ನಿಜ, ಆ ಎಂಜಿನ್ನಿನ ತೊಂದರೆಗಳು ಹೆಚ್ಚಾಗಿ 2014ರ ಕೊನೆಗೆ ವಿಮಾನಯಾನ ಸುರಕ್ಷತಾ ಪ್ರಾಧಿಕಾರ, ಅಂದರೆ ಕಾಸಾ, ನಿರ್ಬಂಧ ಹೇರಿತು. ಜನವಸತಿ ಮೇಲೆ ಹಾರಬೇಡಿ, ಪಕ್ಕದಲ್ಲಿ ಕೂರುವವರಿಗೆ ಅಪಾಯ ತಿಳಿಸಿ ಸಹಿ ಹಾಕಿಸಿಕೊಳ್ಳಿ ಅಂತ. 2016ರಲ್ಲಿ ಹೆಚ್ಚಿನ ವಿಮಾನಗಳಿಗೆ ಅದನ್ನು ತೆಗೆದರು. ಆ ಒಂದೂವರೆ ವರ್ಷ ಆ ವಿಮಾನದವರ ಮುಖ ಹೇಗಿತ್ತೋ. ಮದುವೆಗೆ ಕರೆದು ಊಟದ ಪಂಕ್ತಿಯಿಂದ ಎಬ್ಬಿಸಿದ ಹಾಗೆ.

ಈಗ ನಿಮ್ಮ ಮೆಡಿಕಲ್ ವಿಷಯ. ಅಲ್ಟ್ರಾಲೈಟ್‌ನವರು ಕಾರು ಓಡಿಸುವಷ್ಟು ಆರೋಗ್ಯ ಇದೆ ಅಂತ ತಾವೇ ಬರೆದುಕೊಟ್ಟು ಹಾರುತ್ತಿದ್ದರು. ವಿಎಚ್ ಕಡೆಯವರಿಗೆ ಇದು ದೊಡ್ಡ ಹೊಟ್ಟೆಯುರಿ. 2024ರ ಫೆಬ್ರವರಿಯಲ್ಲಿ ಏನಾಯಿತು? ಕಾಸಾ ನಿಮಗೂ ಕ್ಲಾಸ್ 5 ಮೆಡಿಕಲ್ ಅಂತ ತಂದಿತು. ಕೆಲವು ಮಿತಿಯೊಳಗೆ ಹಾರುವುದಾದರೆ ಆರೋಗ್ಯದ ಘೋಷಣೆ ನೀವೇ ಕೊಡಬಹುದು. ದಶಕಗಟ್ಟಲೆ ಅದೇ ಪದ್ಧತಿಯಲ್ಲಿ ಹಾರಿ ದಾರಿ ಸವೆಸಿದವರು ಆ ಮಿಷನ್ನಿನವರೇ ಅಲ್ವಾ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂದರೆ ಇದೇ.

ಒಂದು ಬೇಜಾರು ನನಗೂ ಇದೆ, ಮುಚ್ಚಿಡುವುದಿಲ್ಲ. 2004ರಲ್ಲಿ ಆ ಫೆಡರೇಶನ್ ಹೆಸರು ಬದಲಿಸಿಕೊಂಡು ರಿಕ್ರಿಯೇಶನಲ್ ಏವಿಯೇಶನ್ ಆಸ್ಟ್ರೇಲಿಯಾ ಆಯಿತು. ಅಲ್ಟ್ರಾಲೈಟ್ ಅನ್ನುವ ಪದವೇ ಮಾಯ. ಆಮೇಲೆ ತೂಕದ ಮಿತಿ 600 ಕೆಜಿಗೆ ಬಂತು. ಫೈಬರ್ ಮೈ, ಟಿವಿ ಥರದ ಪರದೆ, ಚರ್ಮದ ಸೀಟು. ಹಳೆ ಸೆಸ್ನಾಕ್ಕಿಂತ ಬೆಲೆ ಜಾಸ್ತಿ. ಬಟ್ಟೆ-ಪೈಪಿನ ವಿಮಾನದವರು ಈಗ ತಮ್ಮ ಮನೆಯಲ್ಲೇ ಹಿಂದಿನ ಬಾಗಿಲಿಗೆ ಸರಿದಿದ್ದಾರೆ. ನಿಮ್ಮವರಿಂದ ಬೈಸಿಕೊಂಡಿದ್ದು ಸಾಲದು ಅಂತ ತಮ್ಮವರಿಂದಲೂ.

ನೀವಿಬ್ಬರೂ ರನ್‌ವೇಯಲ್ಲಿ ಯಾರು ಮೊದಲು ಅಂತ ಕಿತ್ತಾಡುತ್ತಿರುವಾಗ ರನ್‌ವೇ ಕಾಲ ಕೆಳಗಿನಿಂದ ಜಾರುತ್ತಿದೆ. ಸಿಡ್ನಿಯ ಹಾಕ್ಸ್‌ಟನ್ ಪಾರ್ಕ್ ಏರ್‌ಫೀಲ್ಡ್ 2008ರಲ್ಲಿ ಮುಚ್ಚಿತು, ಈಗ ಅಲ್ಲಿ ದೊಡ್ಡ ಗೋದಾಮುಗಳು. ಜಾಗ ಮಾರುವವನಿಗೆ ವಿಎಚ್ಚೂ ಒಂದೇ, 19ಊ ಒಂದೇ, ಎಕರೆಗೆ ಎಷ್ಟು ಅನ್ನುವುದಷ್ಟೇ ಅವನ ಲೆಕ್ಕ. ನಮ್ಮಲ್ಲಿ ಕೆರೆಗಳಿಗೆ ಆದದ್ದು ಅಲ್ಲಿ ಹುಲ್ಲಿನ ಏರ್‌ಫೀಲ್ಡುಗಳಿಗೆ ಆಗುತ್ತಿದೆ.

ಅಂದಹಾಗೆ, ನೀವು ಹೀಯಾಳಿಸಿದ ಜಾತಿಯಲ್ಲಿ ನಮ್ಮೂರಿನವೂ ಇವೆ. ಎಕ್ಸ್-ಏರ್ ಅನ್ನುವ ಬಟ್ಟೆ ರೆಕ್ಕೆಯ ವಿಮಾನ ಮಾಡಿದ್ದು ಬೆಂಗಳೂರಿನ ರಾಜ್ ಹಂಸ ಕಂಪನಿ. ಅವು ಯುರೋಪಿಗೂ ಹೋದವು, ನಿಮ್ಮ ಆಸ್ಟ್ರೇಲಿಯಾಕ್ಕೂ ಬಂದವು. ಅದರಲ್ಲಿ ಒಂದು ಮಾದರಿಯ ಹೆಸರು ಹನುಮಾನ್. ಆ ದಿನ ನಿಮ್ಮ ದಾರಿಗೆ ಅಡ್ಡ ಬಂದದ್ದು ಬೆಂಗಳೂರಿನ ಕೂಸೇ ಆಗಿದ್ದರೆ? ಒಂದು ಹಾರ್ನ್ ಹೊಡೆದು ಸುಮ್ನೆ ಹಿಂದೆ ಹೋಗುತ್ತಿದ್ದಿರಿ ಅಂದುಕೊಂಡಿದ್ದೇನೆ.

ನಿಮ್ಮ ಗೆಳೆಯರಿಗೆ ಬುದ್ಧಿ ಹೇಳಬೇಡಿ, ಕಲಿಯಲಿ. ಅಲ್ಲಿ ಪಡೆದ ಸರ್ಟಿಫಿಕೇಟಿನ ಮೇಲೆ ಮುಂದೆ ಕಾಸಾದ ಲೈಸೆನ್ಸಿಗೆ ಹೋಗಲು ದಾರಿ ಇದೆ, ಹಾರಿದ ಗಂಟೆಗಳು ನೀರುಪಾಲಾಗುವುದಿಲ್ಲ. ದೊಡ್ಡ ಏರ್‌ಪೋರ್ಟಿನ ನಿಯಂತ್ರಿತ ಆಕಾಶಕ್ಕೆ ಹೋಗಬಹುದೋ ಇಲ್ಲವೋ ಅಂತ ಮೊದಲು ಕೇಳಿಕೊಳ್ಳಲಿ, ಅಷ್ಟು ನೆನಪಿಸಿ. ಅವರ ಜೊತೆ ನೀವೂ ಒಂದು ಭಾನುವಾರ ಹಿಂದಿನ ಸಾಲಿನ ಶೆಡ್ಡಿಗೆ ಹೋಗಿ. ಪಿನ್ ಎಣಿಸುವಾಗ ಮಾತ್ರ ಮಾತಾಡಿಸಬೇಡಿ.

ಕೊನೆಗೆ ನನ್ನದೊಂದು ಬೇಡಿಕೆ. ಆಸ್ಟ್ರೇಲಿಯಾದ ಹಳೆಯ ಕಾಗದದ 20 ಡಾಲರ್ ನೋಟು ಎಲ್ಲಾದರೂ ಸಿಕ್ಕರೆ ನನಗೊಂದು ಕಳಿಸಿ, ದುಡ್ಡು ಕೊಡುತ್ತೇನೆ. 1966ರಿಂದ 1994ರವರೆಗೆ ಹೊಸದಾಗಿ ಬರುತ್ತಿದ್ದದ್ದು. ಒಂದು ಬದಿಗೆ ಮೂರು ಎಂಜಿನ್ನಿನ ವಿಮಾನದಲ್ಲಿ ಪೆಸಿಫಿಕ್ ದಾಟಿದ ಕಿಂಗ್ಸ್‌ಫರ್ಡ್ ಸ್ಮಿತ್, ಇನ್ನೊಂದು ಬದಿಗೆ ಗಾಳಿಪಟದ ಹಾರ್ಗ್ರೇವ್. ಚೌಕಟ್ಟು ಹಾಕಿಸಿ ಮೇಜಿನ ಮೇಲೆ ಇಡೋಣ ಅಂತ. ಯಾವ ಬದಿ ಕಾಣುವ ಹಾಗೆ ಇಡುತ್ತೇನೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಸಂಪಾದಕ